ಹಳೆ ಲೆನ್ಸು, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ: ಬಜೆಟ್ಟೇ ಇಲ್ಲದ ಸಿನಿಮಾಕ್ಕೆ ಒಂದು ಮಾರ್ಗದರ್ಶಿ

ಬಜೆಟ್ ಇಲ್ಲದೆ ಸಿನಿಮಾ ತೆಗೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಕ್ಯಾಮೆರಾ ಹುಡುಕುತ್ತಾರೆ, ಲೆನ್ಸು ಆಮೇಲೆ ನೋಡಿದರಾಯಿತು ಎನ್ನುತ್ತಾರೆ. ಇದು ತಿರುಗುಮುರುಗು. ಡಿಜಿಟಲ್ ಬಾಡಿಯ ಬೆಲೆ ಎರಡು ಹೊಸ ಮಾಡೆಲ್ ಬರುತ್ತಿದ್ದಂತೆ ಇಳಿದುಹೋಗುತ್ತದೆ. 1970ರ ದಶಕದ 50 ಮಿ.ಮೀ. ಲೆನ್ಸೊಂದು ಅಂದು ಮಾಡುತ್ತಿದ್ದ ಕೆಲಸವನ್ನು ಇಂದಿಗೂ ಮಾಡುತ್ತದೆ. ಮೂರು ಲೆನ್ಸುಗಳ ಸೆಟ್ಟೊಂದನ್ನು ಯೋಚಿಸಿ ಕಟ್ಟಿಕೊಳ್ಳಿ, ಅದರ ಹಿಂದೆ ಕ್ಯಾಮೆರಾಗಳು ಬರುತ್ತಿರಲಿ, ಹೋಗುತ್ತಿರಲಿ.

ಹಳೆ ಲೆನ್ಸು ಬೇಕೆನ್ನುವುದಕ್ಕೆ ಅದರ ಹೊಳಪು, ಹಿನ್ನೆಲೆಯ ಸುಳಿ ಮಾತ್ರ ಕಾರಣವಲ್ಲ. ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸನ್ನೇ ನೋಡಿ. ಜೂಮ್ ಮಾಡಿದಂತೆ ಅದು ಎಫ್/3.5ರಿಂದ ಎಫ್/5.6ಕ್ಕೆ ಇಳಿಯುತ್ತದೆ (ಎಫ್ ಅಂಕಿ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ), ಶಾಟ್ ನಡುವೆಯೇ ಚಿತ್ರ ಕಪ್ಪಾಗುತ್ತದೆ. ಮಿರರ್‌ಲೆಸ್ ಕಿಟ್ ಲೆನ್ಸುಗಳಲ್ಲಿ ಫೋಕಸ್ ರಿಂಗ್ ಎಂದರೆ ಒಳಗಿನ ಮೋಟಾರಿಗೆ ಸೂಚನೆ ಕೊಡುವ ಚಕ್ರ ಅಷ್ಟೇ: ನಿಧಾನ ತಿರುಗಿಸಿದರೆ ಒಂದು ದೂರ, ಬೇಗ ತಿರುಗಿಸಿದರೆ ಮತ್ತೊಂದು. ಟೇಪಿನಲ್ಲಿ ಗುರುತು ಹಾಕಿ ಅದೇ ಜಾಗಕ್ಕೆ ಮರಳುವ ಮಾತೇ ಇಲ್ಲ. ಹಳೆ ಮ್ಯಾನುಯಲ್ ಲೆನ್ಸಿನಲ್ಲಿ ರಿಂಗಿಗೂ ಗಾಜಿಗೂ ನಡುವೆ ಇರುವುದು ಲೋಹದ ಮರೆ, ಅಂದರೆ ತಿರುಪಿನ ಸುತ್ತು, ಮಾತ್ರ. ಹಾಕಿದ ಗುರುತು ಹತ್ತನೇ ಟೇಕಿನಲ್ಲೂ ಅಲ್ಲೇ ಇರುತ್ತದೆ.

ಮೊದಲು ಒಂದು ಲೆಕ್ಕ

ಪ್ರತಿ ಲೆನ್ಸ್ ಮೌಂಟಿಗೂ, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಜೋಡಣೆಗೂ, ಒಂದು ನಿಗದಿತ ಅಂತರವಿದೆ. ಲೆನ್ಸು ಕೂರುವ ಲೋಹದ ಮುಖದಿಂದ ಸೆನ್ಸರಿನವರೆಗಿನ ಈ ದೂರಕ್ಕೆ ಫ್ಲ್ಯಾಂಜ್ ಅಂತರ ಎನ್ನುತ್ತಾರೆ. ಯಾವ ಲೆನ್ಸು ಯಾವ ಕ್ಯಾಮೆರಾಕ್ಕೆ ಆಗುತ್ತದೆ ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ಇದರಲ್ಲೇ ಇದೆ.

ಹಳೆ ಲೆನ್ಸುಗಳ ಪೈಕಿ ಎಂ42 ಮರೆ ಮೌಂಟಿನದು 45.46 ಮಿ.ಮೀ., ಪೆಂಟ್ಯಾಕ್ಸ್ ಕೆ ಕೂಡ ಅಷ್ಟೇ. ನಿಕಾನ್ ಎಫ್ 46.5, ಒಲಿಂಪಸ್ ಒಎಂ 46, ಕಾಂಟ್ಯಾಕ್ಸ್/ಯಾಶಿಕಾ 45.5, ಮಿನೋಲ್ಟಾ ಎಂಡಿ 43.5, ಕ್ಯಾನನ್ ಎಫ್‌ಡಿ 42. ಕ್ಯಾಮೆರಾಗಳ ಕಡೆ ಬಂದರೆ ಕ್ಯಾನನ್ ಇಎಫ್ 44, ಮೈಕ್ರೋ ಫೋರ್ ಥರ್ಡ್ಸ್ 19.25, ಸೋನಿ ಇ ಮತ್ತು ಕ್ಯಾನನ್ ಇಎಫ್-ಎಂ ಎರಡೂ 18, ಫ್ಯೂಜಿ ಎಕ್ಸ್ 17.7.

ನಿಯಮ ಸರಳ. ಲೆನ್ಸಿನ ಅಂತರ ಕ್ಯಾಮೆರಾದ ಅಂತರಕ್ಕಿಂತ ಹೆಚ್ಚಿರಬೇಕು. ಉಳಿದ ವ್ಯತ್ಯಾಸವನ್ನು ಅಡಾಪ್ಟರ್ ತುಂಬುತ್ತದೆ. ಎಂ42 ಲೆನ್ಸನ್ನು ಸೋನಿ ಇ ಬಾಡಿಗೆ ಹಾಕಲು 27.46 ಮಿ.ಮೀ. ಉದ್ದದ ಕೊಳವೆ ಬೇಕು, ಒಳಗೆ ಗಾಜು ಬೇಡ. ಅದೇ ಲೆನ್ಸನ್ನು ಒಳಗೆ ಕನ್ನಡಿಯಿರುವ, ಇಎಫ್ ಮೌಂಟಿನ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹಾಕಲು 1.46 ಮಿ.ಮೀ. ದಪ್ಪದ ಬಳೆ ಸಾಕು. ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಹೋದರೆ ಲೆಕ್ಕ ಋಣಕ್ಕೆ ಹೋಗುತ್ತದೆ: ದೂರದ ವಸ್ತು ಫೋಕಸ್ ಆಗುವುದೇ ಇಲ್ಲ. ಸರಿಪಡಿಸುವ ಗಾಜು ಇರುವ ಅಡಾಪ್ಟರ್ ಸಿಗುತ್ತದೆ, ಆದರೆ ಅಗ್ಗದ ಆ ಗಾಜು ಒಳ್ಳೆಯ ಲೆನ್ಸನ್ನೂ ಕೆಡಿಸುತ್ತದೆ. ಕ್ಯಾನನ್ ಎಫ್‌ಡಿ ಲೆನ್ಸುಗಳಿಗೂ ಕ್ಯಾನನ್ನಿನದೇ ಇಎಫ್ ಬಾಡಿಯಲ್ಲಿ ಇದೇ ಗತಿ. ಹೆಸರು ಒಂದೇ ಎಂದು ಮೋಸ ಹೋಗಬೇಡಿ.

ಇದರಿಂದ ಬರುವ ತೀರ್ಮಾನ: ಕನ್ನಡಿಯಿಲ್ಲದ ಮಿರರ್‌ಲೆಸ್ ಬಾಡಿ ತೆಗೆದುಕೊಂಡರೆ ಹೆಚ್ಚುಕಡಿಮೆ ಎಲ್ಲ ಹಳೆ ಲೆನ್ಸೂ ಕೂರುತ್ತದೆ. ಡಿಎಸ್‌ಎಲ್‌ಆರ್ ಅನಿವಾರ್ಯವಾದರೆ ಕ್ಯಾನನ್ನಿನದೇ ವಾಸಿ.

ಯಾವ ಬಾಡಿ?

ಮೈಕ್ರೋ ಫೋರ್ ಥರ್ಡ್ಸ್ ಮೌಂಟಿನ ಪ್ಯಾನಾಸೋನಿಕ್ ಜಿ7 2015ರಲ್ಲಿ ಬಂದದ್ದು. ಸೆಕೆಂಡ್‌ಹ್ಯಾಂಡ್‌ನಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಕಡಿಮೆ. 100 ಎಂಬಿಪಿಎಸ್‌ನಲ್ಲಿ 4ಕೆ, 3.5 ಮಿ.ಮೀ. ಮೈಕ್ ಜ್ಯಾಕ್, ಫೋಕಸ್ ಪೀಕಿಂಗ್ (ಸ್ಪಷ್ಟವಾಗಿರುವ ಅಂಚುಗಳನ್ನು ಪರದೆಯಲ್ಲಿ ಮಿನುಗಿಸುವುದು), ತಿರುಗುವ ಪರದೆ ಎಲ್ಲವೂ ಇದೆ. ಹೆಡ್‌ಫೋನ್ ಜ್ಯಾಕ್ ಇಲ್ಲ, ಬಾಡಿಯೊಳಗೆ ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಇಲ್ಲ. 4ಕೆಯಲ್ಲಿ ಸೆನ್ಸರಿನ ಅಂಚು ಕತ್ತರಿಸಿಹೋಗುವುದರಿಂದ ಕ್ರಾಪ್ (ಫುಲ್ ಫ್ರೇಮ್ ಎನ್ನುವ 35 ಮಿ.ಮೀ. ಫಿಲ್ಮಿನ ಅಳತೆಗೆ ಹೋಲಿಸಿದರೆ ನೋಟ ಎಷ್ಟು ಪಟ್ಟು ಕಿರಿದು ಎಂಬ ಅಂಕಿ) 2 ಅಲ್ಲ, ಸುಮಾರು 2.2. ಅದರ ಮರುವರ್ಷ ಬಂದ ಜಿಎಕ್ಸ್80ರಲ್ಲಿ, ಕೆಲವೆಡೆ ಇದನ್ನೇ ಜಿಎಕ್ಸ್85 ಎಂದು ಮಾರಿದರು, ಐದು ಅಕ್ಷದ ಸ್ಟೆಬಿಲೈಸೇಶನ್ ಇದೆ. ಮೈಕ್ ಜ್ಯಾಕ್ ಇಲ್ಲ. ಕೈಯಲ್ಲೇ ಹಿಡಿದು ಶೂಟ್ ಮಾಡುವವರಿಗೆ ಜಿಎಕ್ಸ್80, ಟ್ರೈಪಾಡ್ ಇಟ್ಟು ಮಾತಿನ ದೃಶ್ಯ ತೆಗೆಯುವವರಿಗೆ ಜಿ7.

ಸೋನಿ ಎ6000 (2014) ದೊಡ್ಡ ಸೆನ್ಸರಿನದು, ಎಪಿಎಸ್-ಸಿ, ಕ್ರಾಪ್ 1.5. ಫುಲ್ ಎಚ್‌ಡಿ ಮಾತ್ರ. ಬಳಸಿದ ಬಾಡಿ ಕೊಂಡರೆ ಫರ್ಮ್‌ವೇರ್ 2.00 ಅಥವಾ ಅದಕ್ಕಿಂತ ಮುಂದಿನದು ಇದೆಯೇ ನೋಡಿ, 50 ಎಂಬಿಪಿಎಸ್‌ನ ಎಕ್ಸ್‌ಎವಿಸಿ ಎಸ್ ಮಾದರಿ ಬಂದದ್ದು ಆ ಅಪ್‌ಡೇಟಿನಲ್ಲಿ. ಇದರಲ್ಲೂ ಮೈಕ್ ಜ್ಯಾಕ್ ಇಲ್ಲ.

ಕ್ಯಾನನ್ 550ಡಿ, 600ಡಿ ಇನ್ನೂ ಹಳೆಯವು. ಇಟ್ಟಿಗೆ ಗೋಡೆ, ಪಟ್ಟೆ ಅಂಗಿ, ಹೆಂಚಿನ ಮಾಡು ಬಂದರೆ ಬಣ್ಣಬಣ್ಣದ ಅಲೆಗಳು ಏಳುತ್ತವೆ, ಏಕೆಂದರೆ ಸೆನ್ಸರಿನ ಎಲ್ಲ ಸಾಲುಗಳನ್ನೂ ಅವು ಓದುವುದಿಲ್ಲ. ಒಂದು ಕ್ಲಿಪ್ 4 ಜಿಬಿ ಮುಟ್ಟಿದೊಡನೆ, ಅಂದರೆ ಸುಮಾರು 12 ನಿಮಿಷಕ್ಕೆ, ನಿಂತುಹೋಗುತ್ತದೆ. ಮ್ಯಾಜಿಕ್ ಲ್ಯಾಂಟರ್ನ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಪೀಕಿಂಗ್, ಬೆಳಕು ಮಿತಿಮೀರಿದ ಜಾಗಕ್ಕೆ ಪಟ್ಟೆ ಹಾಕಿ ತೋರಿಸುವ ಝೀಬ್ರಾ ಸಿಗುತ್ತವೆ. ಇಎಫ್-ಎಂ ಮೌಂಟಿನ ಇಒಎಸ್ ಎಂ ಎಂಬ ಪುಟ್ಟ ಬಾಡಿಯಲ್ಲಿ ಇದೇ ತಂತ್ರಾಂಶ ಸೆನ್ಸರಿನ ಚಿತ್ರವನ್ನು ಸಂಸ್ಕರಿಸದೆ ಉಳಿಸುವ ರಾ ವಿಡಿಯೊವನ್ನೂ ತೆಗೆಯುತ್ತದೆ. ಕಾರ್ಡಿಗೆ ಬರೆಯುವ ವೇಗ ಸಾಲದೆ ಶಾಟ್ ನಡುವೆ ನಿಲ್ಲುವುದು ಮಾಮೂಲು; ತಾಳ್ಮೆಯಿದ್ದವರಿಗೆ ಮಾತ್ರ.

ಇನ್ನು 2013ರ ಮೊದಲ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್. ಸೂಪರ್ 16 ಅಳತೆಯ ಸೆನ್ಸರ್, 12.48 × 7.02 ಮಿ.ಮೀ., ಕ್ರಾಪ್ 2.88. ಪ್ರೊರೆಸ್‌ನಲ್ಲಿ ರೆಕಾರ್ಡ್ ಮಾಡುವ ಇದರ ಚಿತ್ರ ಈ ಪಟ್ಟಿಯಲ್ಲೇ ಚೆಂದ. ಆದರೆ ಬ್ಯಾಟರಿ ಗಂಟೆಗೂ ಬಾರದು, ಬಿಸಿಲಲ್ಲಿ ಪರದೆ ಕಾಣದು, ಎನ್‌ಡಿ (ಬೆಳಕು ತಗ್ಗಿಸುವ ಬೂದು ಫಿಲ್ಟರ್) ಹಾಕಿದರೆ ಕಪ್ಪು ಬಟ್ಟೆ ಕಂದಾಗುವುದರಿಂದ ಐಆರ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕು) ತಡೆಯುವ ಫಿಲ್ಟರ್ ಬೇರೆ ಬೇಕು. ಬಾಡಿಗಿಂತ ಅದರ ಪರಿಕರಗಳಿಗೆ ಹೆಚ್ಚು ಹಣ ಸುರಿದು ಮೂಗಿಗಿಂತ ಮೂಗುತಿ ಭಾರವಾಗುವುದು ಈ ಕ್ಯಾಮೆರಾದಲ್ಲಿ ತೀರ ಸುಲಭ.

ಕಾರ್ಡಿನ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, 64 ಜಿಬಿ ಕಾರ್ಡಿನಲ್ಲಿ ಸುಮಾರು 85 ನಿಮಿಷ. ಕಾರ್ಡಿನ ಮೇಲೆ ಯು3 ಅಥವಾ ವಿ30 ಎಂದಿರಬೇಕು. ಒಂದು ದೊಡ್ಡದರ ಬದಲು ಎರಡು ಸಣ್ಣದಿರಲಿ.

ಲೆನ್ಸುಗಳು

50 ಮಿ.ಮೀ.ಯ ಆಸುಪಾಸಿನಲ್ಲಿ ಹಳೆಯವು ಹೇರಳ, ಏಕೆಂದರೆ ಆ ಕಾಲದಲ್ಲಿ ಕ್ಯಾಮೆರಾದ ಜೊತೆಯಲ್ಲೇ ಬರುತ್ತಿದ್ದ ಲೆನ್ಸು ಅದು. ಎಂ42ರಲ್ಲಿ ಸೋವಿಯತ್ ಕಾಲದ ಹೀಲಿಯೋಸ್ 44-2, 58 ಮಿ.ಮೀ. ಎಫ್/2, ಎಲ್ಲರಿಗೂ ಗೊತ್ತಿರುವುದು. ಯೇನಾದ ಕಾರ್ಲ್ ಝೈಸ್ ಬಯೋಟಾರ್ ವಿನ್ಯಾಸವನ್ನು ಆಧರಿಸಿ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಹೊರತಂದ ಸಾಲಿನದು. ಹಿನ್ನೆಲೆಯಲ್ಲಿ ಎಲೆಗಳ ನಡುವಿಂದ ಬೆಳಕು ತೂರುತ್ತಿದ್ದರೆ ಆ ಚುಕ್ಕೆಗಳು ಅಂಚಿನತ್ತ ಬಾದಾಮಿಯಾಕಾರಕ್ಕೆ ತಿರುಗಿ ಸುಳಿಯಂತೆ ಕಾಣುತ್ತವೆ. ಆದರೆ ಈ ಸುಳಿ ಇರುವುದು ಫುಲ್ ಫ್ರೇಮಿನ ಅಂಚಿನಲ್ಲಿ. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ನಡುಭಾಗವನ್ನಷ್ಟೇ ನೋಡುವುದರಿಂದ ಸುಳಿ ಕಾಣುವುದು ಅಲ್ಪಸ್ವಲ್ಪ. ಅದನ್ನೇ ನೆಚ್ಚಿಕೊಂಡು ಕೊಂಡವರು ನಿರಾಶರಾಗುವುದು ಇಲ್ಲಿಯೇ.

ಸಿನಿಮಾಕ್ಕೆ 44-2 ಒಗ್ಗುವುದಕ್ಕೆ ಬೇರೆಯೇ ಕಾರಣವಿದೆ. ಅದರಲ್ಲಿ ಅಪರ್ಚರಿಗೆ, ಅಂದರೆ ಬೆಳಕು ಬಿಡುವ ಕಿಂಡಿಗೆ, ಎರಡು ರಿಂಗುಗಳು. ಒಂದು ಮಿತಿ ಹಾಕುತ್ತದೆ, ಇನ್ನೊಂದು ಆ ಮಿತಿಯೊಳಗೆ ಟಕ್ ಟಕ್ ಇಲ್ಲದೆ ಜಾರುತ್ತದೆ. ಮಿತಿಯನ್ನು 16ಕ್ಕೆ ಇಟ್ಟುಬಿಟ್ಟರೆ ಎರಡನೆಯ ರಿಂಗಿನಲ್ಲಿ 2ರಿಂದ 16ರವರೆಗೆ ನಯವಾಗಿ ಓಡಾಡಬಹುದು. ಕತ್ತಲೆ ಕೋಣೆಯಿಂದ ಅಂಗಳಕ್ಕೆ ನಡೆದು ಬರುವ ಪಾತ್ರವನ್ನು ಹಿಂಬಾಲಿಸುತ್ತಾ ಶಾಟ್ ನಡುವೆಯೇ ಬೆಳಕು ತಗ್ಗಿಸಬಹುದು. ಮುಂದೆ ಬಂದ 44ಎಂ-4 ಮೊದಲಾದವುಗಳಲ್ಲಿ ಈ ಸೌಕರ್ಯವಿಲ್ಲ. 44-2ರಲ್ಲಿ ಎಂಟು ಅಪರ್ಚರ್ ಎಲೆ, 44ಎಂ-4ರಲ್ಲಿ ಆರು. ಕೊಳ್ಳುವಾಗ ಲೆನ್ಸಿನ ಮೂತಿಯ ಮೇಲಿನ ಅಕ್ಷರ ಓದಿಯೇ ಕೊಳ್ಳಿ.

ಹೀಲಿಯೋಸ್ ಒಂದೇ ಅಲ್ಲ. ಪೆಂಟಕಾನ್ 50 ಎಫ್/1.8 ಕಡಿಮೆ ದೂರಕ್ಕೆ ಫೋಕಸ್ ಆಗುತ್ತದೆ, ವಸ್ತುವಿನ ವಿವರ ತೋರಿಸಲು ಒಳ್ಳೆಯದು. ಸೂಪರ್ ಟಕುಮಾರ್‌ಗಳ ಫೋಕಸ್ ರಿಂಗಿನ ನಯ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ಆದರೆ 50 ಎಫ್/1.4ರ ಕೆಲವು ಆವೃತ್ತಿಗಳ ಗಾಜಿನಲ್ಲಿ ಥೋರಿಯಂ ಇದೆ, ವರ್ಷಗಳು ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಕಾಗದದ ಮೇಲಿಟ್ಟು ನೋಡಿದರೆ ತಿಳಿಯುತ್ತದೆ. ಯುವಿ ಎಲ್‌ಇಡಿ ದೀಪದ ಕೆಳಗೆ ಹಿಂಬದಿ ಮೇಲಾಗಿ ಕೆಲವು ದಿನ ಇಟ್ಟರೆ ಹಳದಿ ಬಹಳಷ್ಟು ಇಳಿಯುತ್ತದೆ. ಬಿಸಿಲಲ್ಲೂ ಆಗುತ್ತದೆ, ಆದರೆ ಅಡಿಯಲ್ಲಿ ಅಲ್ಯೂಮಿನಿಯಂ ಹಾಳೆ ಇಡದೆ ಬಿಸಿಲಿಗೆ ಒಡ್ಡಿದ ಲೆನ್ಸು ಭೂತಗನ್ನಡಿಯಾಗಿ ಮೇಜನ್ನೇ ಸುಟ್ಟೀತು. ಥೋರಿಯಂ ಗಾಜನ್ನು ಉಜ್ಜುವುದು, ಒಡೆಯುವುದು ಬೇಡ.

ಸೆಟ್ಟಿನ ಮಟ್ಟಿಗೆ ಒಂದೇ ಮನೆತನಕ್ಕೆ ಅಂಟಿಕೊಳ್ಳುವುದು ಜಾಣತನ. ಟಕುಮಾರ್ 28, ಹೀಲಿಯೋಸ್ 58, ನಿಕಾನ್ 105 ಎಂದು ಕಲಸಿದರೆ ಒಂದು ಹಳದಿ, ಒಂದು ತಣ್ಣಗೆ, ಒಂದರ ಕಾಂಟ್ರಾಸ್ಟ್ ಹೆಚ್ಚು; ಒಂದೇ ದೃಶ್ಯದ ಮೂರು ಶಾಟುಗಳು ಮೂರು ಸಿನಿಮಾದವು ಅನ್ನಿಸುತ್ತವೆ. ಸಾಲದ್ದಕ್ಕೆ ನಿಕಾನ್ ರಿಂಗ್ ಬಹುತೇಕ ಬೇರೆ ಕಂಪನಿಗಳವಕ್ಕಿಂತ ಉಲ್ಟಾ ತಿರುಗುತ್ತದೆ, ಫೋಕಸ್ ಎಳೆಯುವವರ ಕೈ ತಪ್ಪುತ್ತದೆ. ನಿಕಾನ್ ಎಐ ಮತ್ತು ಎಐ-ಎಸ್ ಸಾಲಿನಲ್ಲಿ ಅನೇಕ ಲೆನ್ಸುಗಳ ಫಿಲ್ಟರ್ ಅಳತೆ 52 ಮಿ.ಮೀ. ಒಂದೇ, ಫಿಲ್ಟರಿಗೆ ಹಣ ಉಳಿಯುತ್ತದೆ.

ಅಗಲದ ಲೆನ್ಸಿನ ವಿಷಯಕ್ಕೆ ಬಂದರೆ ಹಳೆಯದರ ಹಠ ಬಿಡುವುದು ಮೇಲು. 28 ಮಿ.ಮೀ. ಎಂಬುದು ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 56ರ ನೋಟ ಕೊಡುತ್ತದೆ, ಅಗಲವೇ ಅಲ್ಲ. ಹಳೆಯ 20 ಮಿ.ಮೀ.ಗಳು ದುಬಾರಿ, ಅಂಚು ಮಸುಕು. ಕಿಟ್ ಲೆನ್ಸಿನ 14 ಮಿ.ಮೀ. ತುದಿಯನ್ನು ಜಾಗದ ಪರಿಚಯ ಕೊಡುವ ಎಸ್ಟಾಬ್ಲಿಶಿಂಗ್ ಶಾಟಿಗೆ ಬಳಸಿ. ಅಲ್ಲಿ ಫೋಕಸ್ ಎಳೆಯುವ ಕೆಲಸವೂ ಇರುವುದಿಲ್ಲ.

ಸ್ಪೀಡ್‌ಬೂಸ್ಟರ್ ತೆಗೆದುಕೊಳ್ಳಬೇಕೇ?

ಫುಲ್ ಫ್ರೇಮ್ ಲೆನ್ಸಿನ ಬೆಳಕನ್ನು ಕುಗ್ಗಿಸಿ ಸಣ್ಣ ಸೆನ್ಸರಿನ ಮೇಲೆ ಬೀಳಿಸುವ ಗಾಜಿನ ಅಡಾಪ್ಟರ್ ಇದು. ಮೆಟಾಬೋನ್ಸ್ 2013ರಲ್ಲಿ ಇದನ್ನು ಸ್ಪೀಡ್ ಬೂಸ್ಟರ್ ಎಂಬ ಹೆಸರಿನಲ್ಲಿ ತಂದಿತು, ಈಗ ಅಗ್ಗದವೂ ಬಹಳ ಇವೆ. 0.71 ಪಟ್ಟಿನದು ಹಾಕಿದರೆ 58 ಮಿ.ಮೀ. ಎಫ್/2 ಲೆನ್ಸು 41 ಮಿ.ಮೀ. ಎಫ್/1.4 ಆಗಿ ವರ್ತಿಸುತ್ತದೆ: ನೋಟ ಅಗಲ, ಬೆಳಕು ಒಂದು ಸ್ಟಾಪ್ ಹೆಚ್ಚು (ಒಂದು ಸ್ಟಾಪ್ ಎಂದರೆ ಎರಡರಷ್ಟು). ಎಪಿಎಸ್-ಸಿ ಬಾಡಿಯಲ್ಲಿ ಕ್ರಾಪ್ 1.5ರಿಂದ 1.07ಕ್ಕೆ ಇಳಿದು ಹೀಲಿಯೋಸಿನ ಸುಳಿ ಮರಳಿ ಬರುತ್ತದೆ.

ಕೊಳ್ಳುವುದಾದರೆ ಇಎಫ್ ಮುಖದ ಬೂಸ್ಟರನ್ನೇ ಕೊಳ್ಳಿ. ಇಎಫ್‌ನ 44 ಮಿ.ಮೀ.ಗಿಂತ ಎಂ42, ಒಎಂ, ನಿಕಾನ್ ಎಫ್, ಕಾಂಟ್ಯಾಕ್ಸ್ ಎಲ್ಲದರ ಅಂತರವೂ ಹೆಚ್ಚಿರುವುದರಿಂದ ತೆಳು ಬಳೆಯೊಂದನ್ನು ಸೇರಿಸಿ ಅವೆಲ್ಲವನ್ನೂ ಒಂದೇ ಬೂಸ್ಟರಿನ ಮೇಲೆ ಕೂರಿಸಬಹುದು. ಪ್ರತಿ ಲೆನ್ಸಿಗೂ ಬಳೆಯನ್ನು ಕಾಯಂ ಹಾಕಿಟ್ಟರೆ ಶೂಟಿಂಗ್ ಜಾಗದಲ್ಲಿ ಎಂ42ರ ಮರೆ ತಿರುಗಿಸುವ ಕಷ್ಟವೂ ತಪ್ಪಿತು. ಎಫ್‌ಡಿ ಮತ್ತು ಮಿನೋಲ್ಟಾದವರಿಗೆ ಈ ದಾರಿಯಿಲ್ಲ. ಲೆನ್ಸಿನ ಹಿಂಭಾಗ ಹೊರಚಾಚಿದ್ದರೆ ಬೂಸ್ಟರಿನ ಗಾಜಿಗೆ ತಾಗೀತು. ಮೊದಲ ಸಲ ಹಾಕುವಾಗ ಫೋಕಸನ್ನು ಅನಂತದಲ್ಲಿ, ಅಂದರೆ ಅತಿ ದೂರದ ಗುರುತಿನಲ್ಲಿ, ಇಟ್ಟು ನಿಧಾನ ತಿರುಗಿಸಿ, ತಡೆ ಕಂಡರೆ ಅಲ್ಲೇ ನಿಲ್ಲಿಸಿ. ಅಗ್ಗದ ಬೂಸ್ಟರಿನ ಇನ್ನೊಂದು ರೋಗವೆಂದರೆ ಎದುರು ದೀಪವಿದ್ದಾಗ ಫ್ರೇಮಿನ ನಡುವೆ ನೀಲಿ ಚುಕ್ಕೆ. ಎಫ್/5.6ರ ಮೇಲೆ ಅದು ಎದ್ದು ಕಾಣುತ್ತದೆ, ಅಪರ್ಚರ್ ತೆರೆದರೆ ಕರಗುತ್ತದೆ.

ಕೊಳ್ಳುವ ಮುನ್ನ ಐದು ನಿಮಿಷ

ಒಂದು ಸಣ್ಣ ಎಲ್‌ಇಡಿ ಟಾರ್ಚ್ ಜೇಬಿನಲ್ಲಿರಲಿ.

1. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ನೇರ ಬೆಳಕಿನಲ್ಲಿ ಧೂಳು ಮಾತ್ರ ಕಾಣುತ್ತದೆ, ಅದಕ್ಕೆ ಹೆದರಬೇಡಿ. ಓರೆ ಬೆಳಕಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್. ಗಾಜಿಗೆ ಉಸಿರು ಬಿಟ್ಟ ಹಾಗೆ ಸಮನಾದ ಮಸುಕಿದ್ದರೆ ಹೇಝ್, ಒಳಗಿನ ಗ್ರೀಸು ಆವಿಯಾಗಿ ಗಾಜಿಗೆ ಹಿಡಿದದ್ದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆಯಿದ್ದರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಟ್ಟಿದೆ. ಹೇಝನ್ನು ಒರೆಸಬಹುದು. ಫಂಗಸನ್ನು ಬೇಗ ಕಂಡರೆ ಒರೆಸಬಹುದು, ತಡವಾದರೆ ಕೋಟಿಂಗನ್ನೇ ತಿಂದಿರುತ್ತದೆ. ಅಂಟು ಬಿಟ್ಟದ್ದನ್ನು ಮನೆಯಲ್ಲಿ ಸರಿಪಡಿಸುವ ಮಾತಿಲ್ಲ.

2. ಅಪರ್ಚರ್ ರಿಂಗನ್ನು ಇಪ್ಪತ್ತು ಸಲ ತಿರುಗಿಸಿ. ಎಲೆಗಳು ತಡವರಿಸಿದರೆ, ಮೇಲೆ ಎಣ್ಣೆಯ ಹೊಳಪಿದ್ದರೆ, ಸದ್ಯ ನಡೆದರೂ ಮುಂದೆ ಅಂಟಿಕೊಳ್ಳುತ್ತವೆ. ಎರಡು ರಿಂಗಿನ ಲೆನ್ಸಿನಲ್ಲಿ ಎಣ್ಣೆಯಿಂದ ಅಷ್ಟು ತೊಂದರೆಯಿಲ್ಲ, ಎಲೆಗಳನ್ನು ಕೈಯೇ ನೇರ ಎಳೆಯುತ್ತದೆ. ಸ್ಪ್ರಿಂಗಿನ ಮೇಲೆ ನಡೆಯುವವು ಮಾತ್ರ ಕೈಕೊಡುತ್ತವೆ.

3. ಫೋಕಸ್ ರಿಂಗನ್ನು ತುದಿಯಿಂದ ತುದಿಗೆ ಓಡಿಸಿ. ಬಿಗಿ ಇದ್ದರೆ ಗ್ರೀಸು ಒಣಗಿದೆ ಎಂದರ್ಥ, ಅದಕ್ಕೆ ಮದ್ದಿದೆ. ನಡುವೆ ಒಂದೇ ಜಾಗದಲ್ಲಿ ಕಚ್ಚಿದರೆ ಒಳಗಿನ ಮರೆ ಪೆಟ್ಟು ತಿಂದಿದೆ, ಬಿಟ್ಟುಬಿಡಿ. ದಿಕ್ಕು ಬದಲಿಸಿದಾಗ ಮೂತಿ ಅಲುಗಿದರೆ ಫೋಕಸ್ ಎಳೆಯುವಾಗ ಚಿತ್ರವೇ ಜಿಗಿಯುತ್ತದೆ. ಸ್ಥಿರಚಿತ್ರದವರು ಇದನ್ನು ಗಮನಿಸುವುದೂ ಇಲ್ಲ, ನಮಗೆ ಇದೇ ಮುಖ್ಯ.

4. ಮುಂದಿನ ಗಾಜಿನ ಸಣ್ಣ ಗೀರು ಚಿತ್ರದಲ್ಲಿ ಕಾಣುವುದಿಲ್ಲ, ಬೆಲೆ ಇಳಿಸಿಕೊಳ್ಳಲು ನೆಪವಾಗುತ್ತದೆ. ಹಿಂದಿನ ಗಾಜಿನ ಗೀರು ಕಾಣುತ್ತದೆ.

ಅಡಾಪ್ಟರ್: ಎಲ್ಲರೂ ಅಸಡ್ಡೆ ಮಾಡುವ ಭಾಗ

ಲೆನ್ಸಿನ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಅಡಾಪ್ಟರಿನವು. ಬಳೆ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪವಾದರೆ ಅನಂತ ಸಿಗುವುದಿಲ್ಲ. ಎಷ್ಟು ಕೆಡುತ್ತದೆ ಎಂಬುದಕ್ಕೆ ಸುಲಭ ಸೂತ್ರವಿದೆ: ಫೋಕಲ್ ಉದ್ದದ (ಲೆನ್ಸಿನ ಮೇಲಿನ ಮಿ.ಮೀ. ಅಂಕಿಯ) ವರ್ಗವನ್ನು ತಪ್ಪಿನ ದಪ್ಪದಿಂದ ಭಾಗಿಸಿ. 0.1 ಮಿ.ಮೀ. ದಪ್ಪ ಹೆಚ್ಚಾಯಿತು ಎನ್ನಿ. 135 ಮಿ.ಮೀ. ಲೆನ್ಸು 182 ಮೀಟರ್ ದೂರದವರೆಗೆ ಫೋಕಸ್ ಆಗುತ್ತದೆ, ಯಾರಿಗೂ ಗೊತ್ತಾಗದು. 50 ಮಿ.ಮೀ. 25 ಮೀಟರಿಗೆ ನಿಲ್ಲುತ್ತದೆ. 28 ಮಿ.ಮೀ. ಎಂಟು ಮೀಟರನ್ನೂ ಮುಟ್ಟುವುದಿಲ್ಲ. ಹಳೆ ಅಗಲದ ಲೆನ್ಸುಗಳು ಮಸುಕು ಎಂಬ ಅಪಖ್ಯಾತಿಯಲ್ಲಿ ಒಂದು ಪಾಲು ಇದರದು.

ಅದಕ್ಕಾಗಿಯೇ ತಯಾರಕರು ಅಡಾಪ್ಟರನ್ನು ಬೇಕೆಂದೇ ತುಸು ತೆಳ್ಳಗೆ ಮಾಡುತ್ತಾರೆ. ಆಗ ಲೆನ್ಸು ಅನಂತವನ್ನು ದಾಟಿ ಹೋಗುತ್ತದೆ, ಮೇಲಿನ ದೂರದ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಫೋಟೊ ತೆಗೆಯುವವರಿಗೆ ಇದು ಏನೂ ಅಲ್ಲ. ಟೇಪಿನಲ್ಲಿ ಅಳೆದು ಫೋಕಸ್ ಹಿಡಿಯುವವರಿಗೆ ದೊಡ್ಡ ತಲೆನೋವು. ಪರೀಕ್ಷೆ ಹೀಗೆ: ಸೆಟ್ಟಿನಲ್ಲಿ ಅತಿ ಅಗಲದ ಲೆನ್ಸು ಹಾಕಿ, ಅಪರ್ಚರ್ ಪೂರ್ತಿ ತೆರೆದು, ಒಂದು ಕಿಲೋಮೀಟರಿಗೂ ಆಚೆಯ ಗೋಪುರವನ್ನೋ ರಾತ್ರಿಯಾದರೆ ನಕ್ಷತ್ರವನ್ನೋ ಪರದೆಯಲ್ಲಿ ಹಿಗ್ಗಿಸಿ ನೋಡಿ. ಅತ್ಯಂತ ಸ್ಪಷ್ಟವಾದ ಬಿಂದು ಅನಂತದ ಗುರುತಿನ ಮೇಲೇ ಬಿದ್ದರೆ ಅದೃಷ್ಟ. ಗುರುತಿಗೆ ಮೊದಲೇ ಬಿದ್ದರೆ ಅಡಾಪ್ಟರ್ ತೆಳು. ಉದ್ದನೆಯ ಅಡಾಪ್ಟರುಗಳಲ್ಲಿ ಮುಂದಿನ ಬಳೆಯನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದನ್ನು ಬಿಚ್ಚಿ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಬಳೆಯ ಆಕಾರಕ್ಕೆ ಕತ್ತರಿಸಿ ಒಂದೊಂದೇ ಪದರ ಇಡುತ್ತಾ ಪ್ರತಿ ಸಲ ಪರೀಕ್ಷಿಸಿ. ಒಂದು ಪದರ ಸುಮಾರು 0.016 ಮಿ.ಮೀ. ಬರುತ್ತದೆ. ಫಾಯಿಲಿನಲ್ಲಿ ಮಡಿಕೆ ಉಳಿದರೆ ಲೆನ್ಸು ವಾಲುತ್ತದೆ, ಫ್ರೇಮಿನ ಎಡ ಸ್ಪಷ್ಟವಾಗಿ ಬಲ ಮಸುಕಾಗುತ್ತದೆ. ಅಡಾಪ್ಟರ್ ದಪ್ಪವಾದರೆ ಉಜ್ಜುವ ಸಾಹಸ ಬೇಡ, ಬದಲಿಸಿ.

ಎಂ42ರಲ್ಲಿ ಇನ್ನೊಂದು ಗೋಜು. ಹಿಂಭಾಗದಲ್ಲಿ ಸಣ್ಣ ಕಡ್ಡಿಯಿರುವ ಲೆನ್ಸುಗಳಲ್ಲಿ ಆ ಕಡ್ಡಿ ಒತ್ತಿದಾಗ ಮಾತ್ರ ಅಪರ್ಚರ್ ಮುಚ್ಚುತ್ತದೆ. ಲೆನ್ಸಿನ ಮೇಲೆ ಎ/ಎಂ ಸ್ವಿಚ್ ಇದ್ದರೆ ಎಂಗೆ ಹಾಕಿದರಾಯಿತು. ಇಲ್ಲದಿದ್ದರೆ ಒಳಗೆ ತುಟಿಯಿರುವ ಅಡಾಪ್ಟರ್ ಬೇಕು, ಅದು ಕಡ್ಡಿಯನ್ನು ಸದಾ ಒತ್ತಿಹಿಡಿಯುತ್ತದೆ. ರಿಂಗ್ ತಿರುಗಿಸಿದರೂ ಚಿತ್ರದ ಬೆಳಕು ಬದಲಾಗುತ್ತಿಲ್ಲವೆಂದರೆ ಲೆನ್ಸು ಕೆಟ್ಟಿದೆ ಎನ್ನುವ ಮೊದಲು ಇದನ್ನು ನೋಡಿ.

ಶೂಟಿಂಗಿಗೆ ಸಜ್ಜು ಮಾಡುವುದು

ಕ್ಲಿಕ್ ಸದ್ದು ತೆಗೆಯುವುದು ಅನೇಕ ಲೆನ್ಸುಗಳಲ್ಲಿ ಅರ್ಧ ಗಂಟೆಯ ಕೆಲಸ. ಅಪರ್ಚರ್ ರಿಂಗಿನ ಕೆಳಗೆ ಸಾಸಿವೆ ಗಾತ್ರದ ಉಕ್ಕಿನ ಗುಂಡೊಂದು ಕುಳಿಯಿಂದ ಕುಳಿಗೆ ಜಿಗಿಯುವುದೇ ಆ ಸದ್ದು. ಹಿಂದಿನ ಮೌಂಟ್ ಬಿಚ್ಚಿ ರಿಂಗ್ ಎತ್ತಿದರೆ ಗುಂಡು ಸಿಗುತ್ತದೆ, ಸಿಗುವುದಕ್ಕಿಂತ ಹೆಚ್ಚಾಗಿ ಹಾರುತ್ತದೆ. ಅಂಚಿರುವ ಬಿಳಿ ತಟ್ಟೆಯೊಳಗೆ ಕೆಲಸ ಮಾಡಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಗುಂಡನ್ನು ಎಸೆಯದೆ ಟೇಪ್ ಹಚ್ಚಿಟ್ಟುಕೊಳ್ಳಿ. ಜಪಾನಿ ಲೆನ್ಸುಗಳ ಸ್ಕ್ರೂ ಜಪಾನಿನದೇ ಆದ ಜೆಐಎಸ್ ಮಾದರಿಯದು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರ ತಲೆಯನ್ನು ಸವೆಸಿಬಿಡುತ್ತದೆ, ಆಮೇಲೆ ಯಾರ ಕೈಯಿಂದಲೂ ಬಿಚ್ಚಲಾಗದು. ಫೋಕಸಿನ ಮರೆಯನ್ನು ಮಾತ್ರ ಮೊದಲ ಲೆನ್ಸಿನಲ್ಲೇ ಬಿಚ್ಚಬೇಡಿ. ಅದರಲ್ಲಿ ಮರೆ ಹಿಡಿಯಲು ಹಲವು ಬಾಯಿಗಳಿರುತ್ತವೆ. ಕಳಚಿದ ಜಾಗಕ್ಕೆ ಗುರುತು ಹಾಕದಿದ್ದರೆ ತಪ್ಪು ಬಾಯಿಗೆ ಕೂತು ಅನಂತ ಕಾಣೆಯಾಗುತ್ತದೆ.

ಎಲ್ಲ ಲೆನ್ಸುಗಳ ಮೂತಿಗೂ ಸ್ಟೆಪ್-ಅಪ್ ರಿಂಗ್ ಹಾಕಿ 77 ಮಿ.ಮೀ.ಗೆ ತನ್ನಿ. ಫಿಲ್ಟರ್ ಒಂದೇ ಸಾಕು, ಲೆನ್ಸ್ ಬದಲಿಸುವಾಗ ಸಮಯವೂ ಉಳಿಯುತ್ತದೆ. ರಿಂಗನ್ನು ಗೇರಿನಿಂದ ತಿರುಗಿಸುವ ಫಾಲೋ ಫೋಕಸ್ ಇದ್ದರೆ 0.8 ಮಾಡ್ಯೂಲ್ ಹಲ್ಲಿನ ಗೇರ್ ಬೆಲ್ಟ್ ಸುತ್ತಿ. ಇಲ್ಲದಿದ್ದರೆ ರಿಂಗಿನ ಸುತ್ತ ಬಿಳಿ ಕಾಗದದ ಟೇಪ್ ಸುತ್ತಿ, ಪೆನ್ಸಿಲಿನಲ್ಲಿ ಗುರುತು ಹಾಕಲು ಅದೇ ಸಾಕು.

ಎನ್‌ಡಿ ಎಷ್ಟು ಬೇಕು ಎಂಬುದನ್ನು ಊಹಿಸಬೇಡಿ, ಲೆಕ್ಕ ಹಾಕಿ. ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒ ಅಂಕಿಯಷ್ಟೇ ಇರಬೇಕು ಎಂಬುದು ಹಳೆ ನಿಯಮ (ಐಎಸ್‌ಒ ಎಂದರೆ ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬ ಅಂಕಿ). ಐಎಸ್‌ಒ 200 ಆದರೆ 1/200. ಸಿನಿಮಾಕ್ಕೆ ಶಟರ್ 1/50ಕ್ಕೆ ಕಟ್ಟಿಬಿದ್ದಿದೆ, ಬೆಳಕು ಎರಡು ಸ್ಟಾಪ್ ಹೆಚ್ಚಾಯಿತು, ಎಫ್/32 ಬೇಕು. ನಿಮಗೆ ಬೇಕಿರುವುದು ಎಫ್/2.8. ನಡುವೆ ಏಳು ಸ್ಟಾಪ್. ಎನ್‌ಡಿ8 ಮೂರು ಸ್ಟಾಪ್, ಎನ್‌ಡಿ16 ನಾಲ್ಕು. ಇವೆರಡನ್ನು ಕೊಂಡರೆ ಮೂರು, ನಾಲ್ಕು, ಒಟ್ಟಿಗೆ ಏಳು ಎಂದು ಮೂರು ಆಯ್ಕೆ ಸಿಗುತ್ತದೆ. ಅಗ್ಗದ ವೇರಿಯಬಲ್ ಎನ್‌ಡಿ ಗಾಢ ತುದಿಯಲ್ಲಿ ಫ್ರೇಮಿನ ಮೇಲೆ ಅಡ್ಡಾದಿಡ್ಡಿ ಕಪ್ಪು ಇಂಟು ಗುರುತು ಹಾಕುತ್ತದೆ. ಎರಡು ಪೋಲರೈಸರ್‌ಗಳ ಜೋಡಣೆಯಾದ್ದರಿಂದ ಅದನ್ನು ತಿರುಗಿಸಿದಂತೆ ಮುಖದ ಹೊಳಪೂ ಬದಲಾಗುತ್ತದೆ.

ಕ್ಯಾಮೆರಾ ಮೆನುವಿನಲ್ಲಿ

ಲೆನ್ಸ್ ಇಲ್ಲದೆಯೂ ಶಟರ್ ಒತ್ತಲು ಅನುಮತಿಸುವ ಆಯ್ಕೆಯನ್ನು ಮೊದಲು ಆನ್ ಮಾಡಿ. ಹಳೆ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕವಿಲ್ಲದ್ದರಿಂದ ಅಲ್ಲಿ ಲೆನ್ಸಿದೆ ಎಂದೇ ಕ್ಯಾಮೆರಾಕ್ಕೆ ಗೊತ್ತಿರುವುದಿಲ್ಲ. ಬಾಡಿಯೊಳಗೆ ಸ್ಟೆಬಿಲೈಸೇಶನ್ ಇದ್ದರೆ ಅದು ಫೋಕಲ್ ಉದ್ದ ಕೇಳುತ್ತದೆ: ಬರೀ ಅಡಾಪ್ಟರಿನ ಮೇಲೆ 58, ಬೂಸ್ಟರಿನ ಮೇಲೆ 41. ನಿಜಕ್ಕಿಂತ ದೊಡ್ಡ ಅಂಕಿ ಕೊಟ್ಟರೆ ಕ್ಯಾಮೆರಾ ಅಲುಗಾಟವನ್ನು ಮಿತಿಮೀರಿ ಸರಿಪಡಿಸಹೋಗಿ ಚಿತ್ರ ತೇಲಾಡುತ್ತದೆ. ಲೆನ್ಸ್ ಬದಲಿಸಿದಾಗಲೆಲ್ಲ ಅಂಕಿ ಬದಲಿಸಬೇಕು, ಮರೆಯುವುದು ಸಹಜ. ಲೆನ್ಸ್ ಮುಚ್ಚಳದ ಮೇಲೆ ಅಂಕಿ ಬರೆದಿಡಿ.

ಸೆಕೆಂಡಿಗೆ 24 ಅಥವಾ 25 ಫ್ರೇಮಿಗೆ ಶಟರ್ 1/50. ದೀಪಕ್ಕೆ ಬರುವ ಕರೆಂಟು 60 ಹರ್ಟ್ಸ್ ಇರುವೆಡೆ 1/60 ಇಡಿ, ಇಲ್ಲದಿದ್ದರೆ ಟ್ಯೂಬ್‌ಲೈಟ್ ಮಿಣುಕುತ್ತದೆ. ಶಾರ್ಪ್‌ನೆಸ್ ಮತ್ತು ನಾಯ್ಸ್ ರಿಡಕ್ಷನ್ ಎರಡನ್ನೂ ಕೆಳಗಿನ ತುದಿಗೆ ಇಳಿಸಿ. ಹಳೆ ಲೆನ್ಸಿನ ಮೃದುತ್ವದ ಮೇಲೆ ಕ್ಯಾಮೆರಾ ಬಲವಂತವಾಗಿ ಅಂಚು ಕೊರೆದರೆ ಅಗ್ಗದ ವಿಡಿಯೊದ ಚಹರೆ ಬಂದುಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ; ಎಂಟು ಬಿಟ್ಟಿನ ಫೈಲಿನಲ್ಲಿ ಆಮೇಲೆ ಬಣ್ಣ ಎಳೆದಾಡಲು ಜಾಗವಿಲ್ಲ. ಲೆನ್ಸ್ ಬದಲಿಸಿದಾಗಲೆಲ್ಲ ಬೂದು ಕಾರ್ಡನ್ನು ಎರಡು ಸೆಕೆಂಡ್ ರೆಕಾರ್ಡ್ ಮಾಡಿ, ಎಡಿಟಿಂಗಿನಲ್ಲಿ ಮೂರು ಲೆನ್ಸುಗಳ ಬಣ್ಣ ಹೊಂದಿಸಲು ಅದೇ ಆಧಾರ.

ಸೆಟ್ಟಿನಲ್ಲಿ

ಎಫ್/2 ಇದೆಯೆಂದು ಎಫ್/2ರಲ್ಲೇ ತೆಗೆಯಬೇಕಿಲ್ಲ. ಎಪಿಎಸ್-ಸಿಯಲ್ಲಿ 58 ಮಿ.ಮೀ. ಎಫ್/2, ನಟ ಒಂದೂವರೆ ಮೀಟರ್ ದೂರದಲ್ಲಿ: ಫೋಕಸಿನಲ್ಲಿರುವುದು ಸುಮಾರು ಐದು ಸೆಂಟಿಮೀಟರ್. ಆತ ಉಸಿರೆಳೆದು ಮುಂದೆ ಬಾಗಿದರೆ ಕಣ್ಣು ಮಸುಕು, ಕಿವಿ ಸ್ಪಷ್ಟ. ಎಫ್/4ಕ್ಕೆ ಇಟ್ಟರೆ ಹತ್ತು ಸೆಂಟಿಮೀಟರ್ ಸಿಗುತ್ತದೆ, ಲೆನ್ಸಿನ ಕಾಂಟ್ರಾಸ್ಟೂ ಏರುತ್ತದೆ. ಪೀಕಿಂಗನ್ನು ಪೂರ್ತಿ ನಂಬಬೇಡಿ. ಮೃದುವಾದ ಹಳೆ ಲೆನ್ಸು ಪೂರ್ತಿ ತೆರೆದಿರುವಾಗ ಅದು ರೆಪ್ಪೆಯನ್ನೂ ಹುಬ್ಬನ್ನೂ ಕೂದಲನ್ನೂ ಒಟ್ಟಿಗೆ ಮಿನುಗಿಸುತ್ತದೆ. ರಿಹರ್ಸಲಿನಲ್ಲಿ ಹಿಗ್ಗಿಸಿ ನೋಡಿ ರಿಂಗಿನ ಟೇಪಿನ ಮೇಲೆ ಗುರುತು ಹಾಕಿ, ಟೇಕಿನಲ್ಲಿ ಆ ಗುರುತನ್ನು ನೋಡಿ ಎಳೆಯಿರಿ. ಟೇಪ್‌ನಿಂದ ದೂರ ಅಳೆಯುವುದಾದರೆ ಲೆನ್ಸಿನ ಮೂತಿಯಿಂದಲ್ಲ, ಬಾಡಿಯ ಮೇಲೆ ಅಡ್ಡಗೆರೆ ಹಾದ ಪುಟ್ಟ ವೃತ್ತವಿದೆಯಲ್ಲ, ಸೆನ್ಸರಿನ ಜಾಗ ತೋರಿಸುವ ಆ ಗುರುತಿನಿಂದ ಅಳೆಯಬೇಕು.

ಕೋಟಿಂಗ್ ಕಡಿಮೆಯಿರುವ ಲೆನ್ಸಿಗೆ ಫ್ರೇಮಿನ ಹೊರಗಿನ ದೀಪವೂ ಶತ್ರು. ಕಪ್ಪು ಭಾಗವೆಲ್ಲ ಹಾಲು ಸುರಿದಂತೆ ಬೆಳ್ಳಗಾಗುತ್ತದೆ. ಕೈ ಅಡ್ಡ ಹಿಡಿದು ನೋಡಿ. ಚಿತ್ರ ತಟ್ಟನೆ ಗಟ್ಟಿಯಾದರೆ ಆ ಜಾಗದಲ್ಲೇ ಕಪ್ಪು ರಟ್ಟನ್ನು ಕ್ಲಿಪ್ಪಿನಿಂದ ಸಿಕ್ಕಿಸಿ. ಆ ಮಸುಕು ಬೇಕೆಂದೇ ತೆಗೆಯುವುದಾದರೂ ಮಾಸ್ಟರ್ ಶಾಟಿನಲ್ಲಿ ಇದ್ದು ಕ್ಲೋಸಪ್ಪಿನಲ್ಲಿ ಇಲ್ಲದಂತಾದರೆ ಎರಡೂ ಕೂಡುವುದಿಲ್ಲ.

ಮೂರನೆಯ ಲೆನ್ಸು ಕೊಳ್ಳುವ ಮುಂಚೆ ಒಂದು ಮೈಕ್ ಕೊಳ್ಳಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬುದು ಈ ಹವ್ಯಾಸಕ್ಕೇ ಹೇಳಿದ ಮಾತು. ಜ್ಯಾಕ್ ಇಲ್ಲದ ಬಾಡಿಯಾದರೆ ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ 48 ಕಿಲೋಹರ್ಟ್ಸ್‌ಗೆ ಹಿಡಿದು, ಪ್ರತಿ ಟೇಕಿಗೂ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ.

ಕೆಲಸ ಮುಗಿದ ಮೇಲೆ ಲೆನ್ಸುಗಳನ್ನು ಚರ್ಮದ ಹಳೆ ಚೀಲಗಳಲ್ಲಿ ಇಡಬೇಡಿ. ಚರ್ಮ ತೇವ ಹೀರಿ ಫಂಗಸಿಗೆ ಮನೆಯಾಗುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ಲನ್ನು ತೆಗೆದು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಮೂಲ ಬಣ್ಣ ಮರಳುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.